ಭಾವ ಹೇಳಿದ ರೈಟು

ನಿಯಮ ಪಾಲಿಸುವವನನ್ನು ಕಂಡರೆ ಲೋಕಕ್ಕೆ ಆಗುವುದಿಲ್ಲ. ಇದು ನನ್ನ ಐವತ್ತಾರು ವರ್ಷಗಳ ಅನುಭವ. ಕುಡುಕನನ್ನು ಸಹಿಸುತ್ತಾರೆ, ಬಾಯಿಬಡುಕನನ್ನು ಸಹಿಸುತ್ತಾರೆ, ಖಾಲಿ ರಸ್ತೆಯಲ್ಲಿ ಇಂಡಿಕೇಟರ್ ಹಾಕಿ ತಿರುಗುವವನನ್ನು ಮಾತ್ರ ಸಹಿಸುವುದಿಲ್ಲ. ಪರ್ಕಳದಲ್ಲಿ ನಮ್ಮ ಮನೆಯ ಓಣಿಗೆ ತಿರುಗುವ ಮೊದಲು ನಾನು ಇಂಡಿಕೇಟರ್ ಹಾಕಿ, ವೇಗ ತಗ್ಗಿಸಿ, ಎದುರಿನವರಿಗೆ ದಾರಿ ಕೊಟ್ಟು ನಿಂತರೆ ಹಿಂದಿನಿಂದ ಹಾರನ್ನುಗಳ ಮೇಳ ಶುರುವಾಗುತ್ತದೆ. ಒಮ್ಮೆ ಒಬ್ಬ ಸ್ಕೂಟರಿನವನು ಪಕ್ಕಕ್ಕೆ ಬಂದು ಗಾಜು ತಟ್ಟಿ, "ಎಂತ ಮಾರಾಯ್ರೆ, ಕಾರು ಹಾಳಾಯಿತಾ?" ಎಂದು ಕೇಳಿದ. ಅವನ ದನಿಯಲ್ಲಿ ನಿಜವಾದ ಕನಿಕರ ಇತ್ತು. ಅದೇ ನನಗೆ ಹೆಚ್ಚು ಉರಿದದ್ದು.

ನಾನು ಮಣಿಪಾಲದ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತ. ಅಲ್ಲಿ ವಾಹನ ನಿಲುಗಡೆಯ ಉಸ್ತುವಾರಿ ಯಾರಿಗೂ ಬೇಡವಾಗಿತ್ತು. ನನಗೆ ಮಾತ್ರ ಅದು ಹುಟ್ಟಿನಿಂದಲೇ ಬೇಕಾಗಿತ್ತು ಅನಿಸುತ್ತದೆ. ಒಂದು ಭಾನುವಾರವಿಡೀ ಕೂತು ಇಪ್ಪತ್ತೊಂದು ನಿಯಮಗಳ ಪಟ್ಟಿ ಮಾಡಿದೆ. ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಹಾಕಿ ಚಕ್ರವನ್ನು ಅಂಚಿನ ಕಡೆಗೆ ತಿರುಗಿಸಿಡಬೇಕು, ಬಾಗಿಲು ತೆಗೆಯುವ ಮೊದಲು ಹಿಂದೆ ನೋಡಬೇಕು, ತಿರುವಿನಲ್ಲಿ, ಗೇಟಿನೆದುರು, ಬಸ್ ನಿಲ್ದಾಣದಲ್ಲಿ ನಿಲ್ಲಿಸಬಾರದು, ಹೀಗೆ. ಅದನ್ನು ದೊಡ್ಡ ಬೋರ್ಡಿನಲ್ಲಿ ಬರೆಸಿ ಗೋಡೆಗೆ ಹೊಡೆಸಿದೆ. ಮರುದಿನ ಬಂದು ನೋಡಿದರೆ ಬೋರ್ಡಿನ ಮುಂದೆಯೇ ಯಾರೋ ಜೀಪು ನಿಲ್ಲಿಸಿದ್ದರು. ಹದಿನಾಲ್ಕನೆಯ ನಿಯಮದಿಂದ ಕೆಳಗೆ ಒಂದೂ ಕಾಣುತ್ತಿರಲಿಲ್ಲ. ವಿಚಾರಿಸಿದಾಗ ಅದು ನಮ್ಮ ಪ್ರಾಂಶುಪಾಲರ ಜೀಪು ಎಂದು ತಿಳಿಯಿತು. ಬೋರ್ಡನ್ನೇ ಮೇಲಕ್ಕೆ ಏರಿಸಿ ಹೊಡೆಸಿದೆ.

ನಮ್ಮ ಜಿಲ್ಲೆಯ ಜನ ವಿದ್ಯಾವಂತರು, ಬುದ್ಧಿವಂತರು ಎಂದು ಹೊರಗಿನವರು ಹೊಗಳುತ್ತಾರೆ. ಬುದ್ಧಿ ಹೌದು, ಅದೆಲ್ಲ ಖರ್ಚಾಗುವುದು ನಿಯಮಕ್ಕೆ ಉತ್ತರ ಹುಡುಕುವುದರಲ್ಲಿ. ನನ್ನ ಗೇಟಿಗೆ ಅಡ್ಡ ಕಾರಿಟ್ಟು ಎದುರಿನ ಅಂಗಡಿಗೆ ಹೋಗುವವರೆಲ್ಲ "ಎರಡೇ ನಿಮಿಷ" ಎನ್ನುತ್ತಾರೆ. ಆ ಎರಡು ನಿಮಿಷದಲ್ಲಿ ನಾನು ಪೇಪರು ಓದಿ ಮುಗಿಸಿದ್ದುಂಟು. ಉಚ್ಚಿಲದಲ್ಲಿ ಹೆದ್ದಾರಿಯ ಮೇಲೆ ಬೈಕಿಗೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಎದುರಿನಿಂದ ಬಂದವನನ್ನು ನಾನು ತಡೆದು, ಇದು ರಾಂಗ್ ಸೈಡ್ ಎಂದು ತಿಳಿಹೇಳಿದೆ. ಅವನು ಶಾಂತವಾಗಿ, "ಸರಿಯಾದ ಸೈಡಿನಲ್ಲಿ ಬಂದರೆ ಅಷ್ಟು ದೂರ ಸುತ್ತಬೇಕು. ಈ ಬಿಸಿಲಿಗೆ ಬಂಗುಡೆ ಉಳೀತದಾ ಹೇಳಿ ನೀವೇ" ಎಂದ. ನನ್ನ ಇಪ್ಪತ್ತೊಂದು ನಿಯಮಗಳಲ್ಲಿ ಬಂಗುಡೆಯ ಪ್ರಸ್ತಾಪ ಇರಲಿಲ್ಲ. ಅವನಿಗೆ ದಾರಿ ಬಿಟ್ಟೆ.

ಇನ್ನು ನನ್ನ ಚಾಲನೆಯ ವಿಷಯ. ಊರಿಗೆಲ್ಲ ಬುದ್ಧಿ ಹೇಳುವ ನಾನು ಕಾರು ಕಲಿತದ್ದು ಐವತ್ತೊಂದನೆಯ ವಯಸ್ಸಿನಲ್ಲಿ. ಮಣಿಪಾಲದ ಏರಿನಲ್ಲಿ ಕ್ಲಚ್ಚು ಬಿಟ್ಟು ಹಿಡಿಯುವಾಗ ಕಾರು ಹಿಂದಕ್ಕೂ ನನ್ನ ಜೀವ ಬಾಯಿಗೂ ಬರುತ್ತಿತ್ತು. ಕಲಿಸುವವರು ಹದಿನೈದು ದಿನ ನೋಡಿ, "ಸಾರ್, ನೀವು ಗೇರಿಲ್ಲದ ಕಾರೇ ತೆಗೊಳ್ಳಿ. ನಿಮಗೂ ಒಳ್ಳೆಯದು, ನನಗೂ ಒಳ್ಳೆಯದು" ಎಂದರು. ಹಾಗೆ ಬಂದದ್ದು ನನ್ನ ಆಟೋಮ್ಯಾಟಿಕ್ ಕಾರು. ಎರಡೇ ಪೆಡಲು, ತಪ್ಪುವ ಪ್ರಶ್ನೆಯೇ ಇಲ್ಲ ಎಂದು ಹೆಂಡತಿಗೆ ಧೈರ್ಯ ಹೇಳಿದ್ದೆ.

ನನ್ನ ಅಕ್ಕನ ಗಂಡ ಸಂಜೀವ, ಇದಕ್ಕೆಲ್ಲ ತದ್ವಿರುದ್ಧ ಮನುಷ್ಯ. ನಮ್ಮ ಕಡೆ ಅಕ್ಕನ ಗಂಡನೂ ಹೆಂಡತಿಯ ತಮ್ಮನೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು, ಆದ್ದರಿಂದ ಅವರಿಗೆ ನಾನೂ ಭಾವ, ನನಗೆ ಅವರೂ ಭಾವ. ಶಿರ್ವದಲ್ಲಿ ರಸ್ತೆ ಪಕ್ಕದಲ್ಲೇ ಅವರ ಮನೆ. ಕಾಪುವಿನಿಂದ ಶಿರ್ವದ ಮೇಲಾಗಿ ಕಾರ್ಕಳಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವರು. ಫುಟ್‌ಬೋರ್ಡಿನಲ್ಲಿ ಒಂದೇ ಕಾಲಿನಲ್ಲಿ ನಿಂತು, ಬಸ್ಸಿನ ಮೈಗೆ ಕೈಯಿಂದ ಬಡಿದು "ರೈಟ್, ಪೋಯಿ!" ಎಂದರೆ ಡ್ರೈವರು ಹಿಂದೆ ತಿರುಗಿ ನೋಡುತ್ತಿರಲಿಲ್ಲ, ಹೊರಡುತ್ತಿದ್ದ. "ಹೋಲ್ಡಾನ್!" ಎಂದರೆ ಅಲ್ಲೇ ನಿಲ್ಲಿಸುತ್ತಿದ್ದ. ಇಡೀ ಬಸ್ಸು ನಡೆಯುತ್ತಿದ್ದದ್ದು ಈ ಎರಡು ಶಬ್ದಗಳ ಮೇಲೆ. ಮುದುಕಿಯರು ಇಳಿದು, ಸೀರೆಯ ಸೆರಗು ಬಾಗಿಲಿನಿಂದ ಪೂರ್ತಿ ಬಿಡಿಸಿಕೊಂಡ ಮೇಲೆಯೇ ಭಾವನ ಬಾಯಿಂದ ರೈಟ್ ಬರುತ್ತಿದ್ದದ್ದು. ಅವರ ಬಸ್ಸಿನಿಂದ ಒಬ್ಬರೂ ಬಿದ್ದದ್ದಿಲ್ಲ. ಅದು ಅವರ ದೊಡ್ಡ ಹೆಮ್ಮೆ, ಎಲ್ಲಿ ಕೂತರೂ ಹೇಳುತ್ತಿದ್ದರು. ನಾನು ಒಮ್ಮೆ, ಫುಟ್‌ಬೋರ್ಡಿನಲ್ಲಿ ನೇತಾಡುವುದೇ ಕಾನೂನುಬಾಹಿರ ಎಂದು ತಿದ್ದಿದೆ. "ಹೌದಾ ಭಾವ? ಹಾಗಾದರೆ ಮೂವತ್ತು ವರ್ಷ ಜೈಲಿಗೆ ಹೋಗಬೇಕಲ್ಲ ನಾನು" ಎಂದು ನಕ್ಕರು.

ಎರಡು ವರ್ಷದ ಹಿಂದೆ ಭಾವನ ಮಗಳ ನಿಶ್ಚಿತಾರ್ಥ ಕಾಪುವಿನ ಒಂದು ಹಾಲ್‌ನಲ್ಲಿ ಇತ್ತು. ಬೆಳಗ್ಗೆ ಹತ್ತು ಗಂಟೆ. ಹೆಂಡತಿಯನ್ನು ಹಾಲ್‌ನ ಬಾಗಿಲಲ್ಲಿ ಇಳಿಸಿ ನಾನು ಹಿಂಬದಿಗೆ ಹೋದೆ. ಗೋಡೆಗೂ ಒಂದು ಜೀಪಿಗೂ ನಡುವೆ ಒಂದೇ ಜಾಗ ಉಳಿದಿತ್ತು. ಹುಡುಗಿಯ ಅಪ್ಪ ಒಳಗೆ ಕೂತು ಬೀಗರನ್ನು ಮಾತಾಡಿಸಬೇಕಾದ ಹೊತ್ತು. ಆದರೆ ವಾಹನ ಕಂಡರೆ ಭಾವನಿಗೆ ಒಳಗೆ ಕೂರಲು ಆಗುತ್ತದೆಯೇ! ಹೊಸ ಪಂಚೆ ಎತ್ತಿ ಕಟ್ಟಿ ಓಡಿ ಬಂದು ನನ್ನ ಕಾರಿನ ಹಿಂದೆ ಬಲಬದಿಗೆ ನಿಂತು ಕಾರಿನ ಬೆನ್ನಿಗೆ ಬಡಿದರು. "ಬರಲಿ ಭಾವ, ಬರಲಿ, ರೈಟ್, ರೈಟ್!"

ಮುಂದಿನದ್ದು ನಮ್ಮ ನೆಂಟರಿಷ್ಟರಲ್ಲಿ ಎಲ್ಲರಿಗೂ ಬಾಯಿಪಾಠ. ಭಾವ ಹೇಳಿದ್ದು ಬಸ್ಸಿನ ರೈಟ್, ಅಂದರೆ ಹೊರಡು ಎಂದು. ನಾನು ಕೇಳಿಸಿಕೊಂಡದ್ದು ಡ್ರೈವಿಂಗ್ ಸ್ಕೂಲಿನ ರೈಟ್, ಅಂದರೆ ಬಲಕ್ಕೆ. ಆಜ್ಞಾಧಾರಕನಾಗಿ ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದೆ. ಬಲಕ್ಕೆ ಇದ್ದದ್ದು ಭಾವ. ಚಕ್ರ ಅವರ ಪಾದದ ಮೇಲೆ ಹತ್ತಿ ಗೋಡೆಗೆ ಒತ್ತಿ ನಿಂತಿತು. ಈ ಕಥೆಯನ್ನು ನಾನು ಮೊದಲು ಹೇಳಿದ್ದು ಆಸ್ಪತ್ರೆಯ ವರಾಂಡದಲ್ಲಿ, ಅಳುತ್ತಿದ್ದ ಅಕ್ಕನ ಮುಂದೆ. ಅಳುತ್ತಿದ್ದವಳೇ ನಕ್ಕಳು. ಆಮೇಲೆ ಮದುವೆ, ಮುಂಜಿ, ಸತ್ತವರ ಬೊಜ್ಜ ಯಾವುದೂ ಬಿಡದೆ ಹೇಳಿದ್ದೇನೆ. ಕಾಲೇಜಿನಲ್ಲಿ ರಸ್ತೆ ಸುರಕ್ಷತೆಯ ಭಾಷಣಕ್ಕೆ ನಿಂತಾಗಲೂ ಹೇಳಿದ್ದೇನೆ, ವಾಹನಕ್ಕೆ ಸನ್ನೆ ಮಾಡುವವರು ಸ್ಪಷ್ಟ ಶಬ್ದ ಬಳಸಬೇಕು ಎಂಬ ನೀತಿಯೊಂದಿಗೆ. ಹುಡುಗರು ಚಪ್ಪಾಳೆ ತಟ್ಟಿದ್ದಾರೆ. ಭಾವ ಇದ್ದ ಕಡೆ ಅವರೇ ಕಥೆಯನ್ನು ನನ್ನಿಂದ ಕಸಿದುಕೊಂಡು ಹೇಳುತ್ತಾರೆ. "ತಪ್ಪು ನನ್ನದೇ. ಬಸ್ಸಿಗೆ ಹೇಳುವುದನ್ನು ಕಾರಿಗೆ ಹೇಳಿದೆ. ಪಾಪ, ರೂಲ್ಸಿನ ಮನುಷ್ಯ, ನನ್ನಿಂದಾಗಿ ಇವರ ಹೆಸರು ಹಾಳಾಯಿತು" ಎನ್ನುತ್ತಾರೆ.

ನೀವೂ ಸ್ವಲ್ಪ ನಕ್ಕಿರಬಹುದು. ಆದರೆ ಒಂದು ಕ್ಷಣ ಯೋಚಿಸಿ. ಈ ಊರಿನ ಬಸ್ಸುಗಳಲ್ಲಿ ಶಾಲೆಗೆ ಹೋದವನು, ಕಾಲೇಜಿಗೆ ಹೋದವನು, ಕೆಲಸಕ್ಕೆ ಸೇರಿದ ಮೇಲೂ ಇಪ್ಪತ್ತೈದು ವರ್ಷ ಬಸ್ಸಿನಲ್ಲೇ ಓಡಾಡಿದವನು ನಾನು. ರೈಟ್ ಅಂದರೆ ಏನೆಂದು ನನಗೆ ಗೊತ್ತಿಲ್ಲವೇ? ತೊಟ್ಟಿಲಿನಲ್ಲಿರುವ ಮಗುವಿಗೂ ಗೊತ್ತು. ನಾನು ಬಲಕ್ಕೆ ತಿರುಗಿಸಲೇ ಇಲ್ಲ. ಭಾವ ರೈಟ್ ಎಂದರು, ನಾನು ಸರಿಯಾಗಿಯೇ ಹಿಂದೆ ಬಂದೆ. ಗೋಡೆ ಹತ್ತಿರವಾದಾಗ ಅವರು ಬಸ್ಸಿಗೆ ಹೇಳುವ ಹಾಗೆಯೇ, ಗಂಟಲು ತುಂಬಿ, "ಹೋಲ್ಡಾನ್!" ಎಂದು ಕೂಗಿದರು. ಅದು ನನಗೆ ಕೇಳಿಸಿತು, ಅರ್ಥವೂ ಆಯಿತು. ಬ್ರೇಕ್ ತುಳಿದೆ ಎಂದುಕೊಂಡು ತುಳಿದದ್ದು ಆಕ್ಸಿಲರೇಟರ್. ಎರಡೇ ಪೆಡಲು ಇರುವ ಕಾರಿನಲ್ಲಿ ತಪ್ಪಿದ್ದನ್ನು ಯಾವ ಮುಖ ಇಟ್ಟುಕೊಂಡು ಹೇಳುವುದು? ವರಾಂಡದಲ್ಲಿ ಅಕ್ಕ "ಹೇಗಾಯಿತು?" ಎಂದು ಕೇಳಿದಾಗ ನಾಲಿಗೆಗೆ ಆ ರೈಟ್ ತಾನಾಗಿಯೇ ಬಂತು. ಹಿಂಬದಿಯಲ್ಲಿ ನಾವಿಬ್ಬರಲ್ಲದೆ ಬೇರೆ ಯಾರೂ ಇರಲಿಲ್ಲ, ಭಾವ ನೋವಿನಲ್ಲಿ ಪ್ರಜ್ಞೆ ತಪ್ಪಿದ್ದರು. ಎಚ್ಚರವಾದಾಗ ಅವರಿಗೆ ಹೇಳಿದ್ದೂ ನನ್ನ ಕಥೆಯನ್ನೇ.

ಪಾದದೊಳಗೆ ಪ್ಲೇಟು ಹಾಕಿದರು. ನಡೆಯುತ್ತಾರೆ, ಆದರೆ ಓಡುವ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಲ್ಲುವ ಕಾಲಲ್ಲ ಅದು. ಕೆಲಸ ಹೋಯಿತು. ಈಗ ಜಗಲಿಯಲ್ಲಿ ಕೂತು ರಸ್ತೆಯಲ್ಲಿ ಹೋಗುವ ಬಸ್ಸುಗಳಿಗೆ ಮನೆಯಿಂದಲೇ ಟೈಮು ನೋಡುತ್ತಾರೆ. "ಹನ್ನೊಂದು ಇಪ್ಪತ್ತರದ್ದು, ನಾಲ್ಕು ನಿಮಿಷ ಲೇಟು" ಎನ್ನುತ್ತಾರೆ. ಯಾರಿಗೆ ಎಂದು ಗೊತ್ತಿಲ್ಲ.

ಕಳೆದ ಭಾನುವಾರ ಶಿರ್ವಕ್ಕೆ ಹೋಗಿದ್ದೆ. ಅಕ್ಕ ಚಾ ಮಾಡಲು ಒಳಗೆ ಹೋದಾಗ ಭಾವ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದರು.

"ಭಾವ, ಒಂದು ಕೇಳ್ತೇನೆ, ಬೇಸರ ಮಾಡಬೇಡಿ. ಆವತ್ತು ನಾನು ರೈಟ್ ಹೇಳಿದ್ದು ಹೌದು. ಆದರೆ ಆಮೇಲೆ ಹೋಲ್ಡಾನ್ ಹೇಳಲಿಲ್ಲವಾ? ಹೇಳಿದ ಹಾಗೆ ಒಂದು ನೆನಪು ಉಂಟು ನನಗೆ. ಎರಡು ವರ್ಷದಿಂದ ತಲೆಯಲ್ಲಿ ಅದೇ. ಮೂವತ್ತು ವರ್ಷದಲ್ಲಿ ನಾನು ಹೋಲ್ಡಾನ್ ಮರೆತವನಲ್ಲ ಮಾರಾಯ್ರೆ."

ಒಂದು ಶಬ್ದ ಸಾಕಿತ್ತು. ಹೇಳಿದಿರಿ ಎಂದರೆ ಆ ಮನುಷ್ಯನ ಮೂವತ್ತು ವರ್ಷ ಅವರಿಗೆ ವಾಪಸು ಸಿಗುತ್ತಿತ್ತು. ಬಾಯಿಯವರೆಗೂ ಬಂತು. ಅಷ್ಟರಲ್ಲಿ ಒಳಗಿನಿಂದ ಅಕ್ಕನ ಲೋಟದ ಸದ್ದು ಕೇಳಿಸಿತು, ಮುಂದಿನ ವಾರದ ನನ್ನ ಭಾಷಣ ನೆನಪಾಯಿತು.

"ಇಲ್ಲ ಭಾವ," ಎಂದೆ, "ಹೇಳಲಿಲ್ಲ."

ಭಾವ ಕುರ್ಚಿಯನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡರು. ಆಮೇಲೆ ತಲೆದೂಗಿದರು. "ಹಾಗಾದರೆ ನನಗೆ ಪ್ರಾಯ ಆದದ್ದೇ. ಕಾಲು ಹೋದದ್ದು ಒಳ್ಳೆಯದೇ ಆಯಿತು ಭಾವ. ಹೋಲ್ಡಾನ್ ಮರೆಯುವವನು ಬಸ್ಸಿನಲ್ಲಿ ಇರಬಾರದು. ಜನರ ಜೀವದ ವಿಷಯ ಅಲ್ವಾ?"

"ಹೌದು," ಎಂದೆ. ಅಕ್ಕ ತಂದ ಚಾ ಕುಡಿದೆ, ಎರಡು ಬನ್ಸ್ ಕೂಡ ತಿಂದೆ.

ಅಂದು ಮನೆಗೆ ಬಂದು ನನ್ನ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಕುಡಿದು ಓಡಿಸಬಾರದು, ಫೋನಿನಲ್ಲಿ ಮಾತಾಡಬಾರದು, ಗೇಟಿಗೆ ಅಡ್ಡ ನಿಲ್ಲಿಸಬಾರದು, ಎಲ್ಲ ಉಂಟು. ಗುದ್ದಿದ ಮೇಲೆ ಸುಳ್ಳು ಹೇಳಬಾರದು ಎಂದು ಎಲ್ಲಿಯೂ ಬರೆದಿಲ್ಲ. ಇಪ್ಪತ್ತೆರಡನೆಯದಾಗಿ ಸೇರಿಸೋಣವೆಂದು ಪೆನ್ನು ತೆಗೆದುಕೊಂಡೆ. ಬೋರ್ಡಿನಲ್ಲಿ ಜಾಗ ಇಲ್ಲ ಎಂದು ನೆನಪಾಗಿ ಬಿಟ್ಟುಬಿಟ್ಟೆ.