ತಲೆಯಾಡಿಸುವ ಮೇಷ್ಟ್ರು

ಅಶ್ವತ್ಥ ಮೇಷ್ಟ್ರ ಬಾಯಿಂದ ಕ್ಲಿಪ್ ಹೊರಗೆ ಬಂದ ದಿನವೇ ಅವನ ಬಂಡವಾಳವೂ ಹೊರಗೆ ಬಂತು. ಮೊದಲೇ ಹೇಳಿಬಿಡುತ್ತೇನೆ, ಅವನು ಮೇಷ್ಟ್ರಲ್ಲ. ಯಲಹಂಕದ ಕಡೆಯ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್. ಜಕ್ಕೂರಿನ ಹಳೇ ಊರೊಳಗೆ ಬಾಡಿಗೆಗೆ ಬಂದ ದಿನ ಮನೆ ಮಾಲೀಕ ದೊಡ್ಡಮುನಿಯಪ್ಪನವರು "ಕಾಲೇಜಲ್ಲಿದ್ದೀರಾ? ಅಂಗಾದ್ರೆ ಮೇಷ್ಟ್ರು ಅನ್ನಿ" ಎಂದುಬಿಟ್ಟರು. ಅಲ್ಲ ಎನ್ನಲು ಅಶ್ವತ್ಥ ಬಾಯಿ ತೆರೆದ. ಆದರೆ ಅದೇ ವಾರ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿದ್ದ. ತಂತಿಯ ತುದಿ ಕೆನ್ನೆಗೆ ಒಳಗಿನಿಂದ ಚುಚ್ಚಿತು. ನೋವಿಗೆ ತಲೆ ತಗ್ಗಿಸಿದ, ಎತ್ತಿದ, ಮತ್ತೆ ತಗ್ಗಿಸಿದ. ಮೇಷ್ಟ್ರು ಹೌದೆಂದು ಒಪ್ಪಿಕೊಂಡಂತಾಯಿತು.

ನಲವತ್ತು ದಾಟಿದವನಿಗೆ ಕ್ಲಿಪ್ ಯಾಕೆ ಎಂದು ನೀವು ಕೇಳಬಹುದು. ಅವನ ಹಲ್ಲುಗಳು ಸಂತೆ ದಿನದ ಬಸ್ಸಿನ ಜನರ ಹಾಗೆ ಒಂದರ ಮೇಲೊಂದು ಹತ್ತಿ ನಿಂತಿದ್ದವು. ಚಿಕ್ಕಂದಿನಿಂದ ಬಾಯಿಗೆ ಕೈ ಅಡ್ಡ ಹಿಡಿದೇ ಮಾತು. ಮದುವೆಯ ವಯಸ್ಸೂ ಆ ಕೈ ತೆಗೆಯುವುದರೊಳಗೆ ದಾಟಿಹೋಗಿತ್ತು. ಅಂಗೈಯ ಹಿಂದಿನಿಂದ ಬರುವ ಮಾತನ್ನು ಕೇಳುವ ತಾಳ್ಮೆ ಇದ್ದದ್ದು ತಾಯಿಗೊಬ್ಬಳಿಗೇ. "ಮಗಾ, ಹಲ್ಲೊಂದು ನೆಟ್ಟಗಾಗ್ಲಿ, ನಿನ್ ಮಾತು ಕೇಳೋಕೆ ಊರೇ ಬಂದು ಕೂತ್ಕೊಳ್ತದೆ" ಎನ್ನುತ್ತಿದ್ದಳು. ಆಕೆ ಹೋದ ಮೇಲೆ ಮನೆಯಲ್ಲಿ ಮಾತೇ ನಿಂತುಹೋಯಿತು. ಫೋನ್ ಮಾಡುವವರೆಂದರೆ ಸಾಲ ಬೇಕೇ ಎಂದು ಕೇಳುವವರು. ಅವರೊಂದಿಗೆ ನಾಲ್ಕು ಮಾತು ಆಡೋಣವೆಂದರೆ, ಬೇಡ ಎಂದ ತಕ್ಷಣ ಇಟ್ಟುಬಿಡುತ್ತಿದ್ದರು. ಕೊನೆಗೊಂದು ದಿನ ಗಂಗಾನಗರದ ಹಲ್ಲಿನ ಕ್ಲಿನಿಕ್ಕಿಗೆ ಹೋಗಿ ಅಶ್ವತ್ಥ ಬಾಯಿ ತೆರೆದು ಕೂತ.

ಕ್ಲಿಪ್ಪಿನ ಸಂಸಾರ ಸುಲಭದ್ದಲ್ಲ. ಮುದ್ದೆ, ಉಪ್ಪಿಟ್ಟು, ಸಾರಿನಲ್ಲಿ ನೆನೆಸಿದ ಚಪಾತಿ, ಇಷ್ಟೇ ಊಟ. ಏನು ತಿಂದರೂ ತಂತಿಯ ಸಂದಿಗೆ ಸಿಕ್ಕುತ್ತಿತ್ತು. ತಿಂದದ್ದಕ್ಕಿಂತ ಹೆಚ್ಚು ಹೊತ್ತು ಪುಟ್ಟ ಬ್ರಶ್ ಹಿಡಿದು ಕನ್ನಡಿ ಮುಂದೆ ನಿಲ್ಲಬೇಕು. ತಿಂಗಳಿಗೊಮ್ಮೆ ಬಿಗಿ ಮಾಡಿಸಿಕೊಂಡು ಬಂದರೆ ವಾರವಿಡೀ ಹಲ್ಲಿನ ಬುಡ ಜುಮ್ಮೆನ್ನುತ್ತಿತ್ತು. ಡಾಕ್ಟರಮ್ಮ ಚುಚ್ಚುವ ಒಂದು ತುದಿಯನ್ನು ಕತ್ತರಿಸಿದರೆ ಇನ್ನೊಂದು ಎಲ್ಲಿಂದಲೋ ಎದ್ದು ಬರುತ್ತಿತ್ತು. ಚುಚ್ಚುವ ಕಡೆ ಅಂಟಿಸಲು ಒಂದು ಡಬ್ಬಿ ಮೇಣ ಕೊಟ್ಟಿದ್ದರು, ಅದು ಮಾತಾಡಿದರೆ ಉದುರುತ್ತಿತ್ತು. ಅದಕ್ಕೆ ಅಶ್ವತ್ಥ ತಾನೇ ಒಂದು ಉಪಾಯ ಕಂಡುಕೊಂಡ. ಬಾಯಿ ಮುಚ್ಚಿ ತಲೆಯನ್ನು ನಿಧಾನವಾಗಿ ಮೇಲೆ ಕೆಳಗೆ ಮಾಡಿದರೆ ತಂತಿ ಕೆನ್ನೆಯಿಂದ ಕೊಂಚ ಸರಿಯುತ್ತಿತ್ತು.

ಹೀಗೆ ಕೋಲೆ ಬಸವನ ಹಾಗೆ ತಲೆಯಾಡಿಸುತ್ತಾ ಮೆಟ್ಟಿಲ ಮೇಲೆ ಕೂತವನನ್ನು ಜಕ್ಕೂರು ಕಂಡುಹಿಡಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಆ ಬೀದಿಯಲ್ಲಿ ಎಲ್ಲರಿಗೂ ಬಾಯಿತ್ತು, ಕಿವಿ ಯಾರಿಗೂ ಇರಲಿಲ್ಲ. ಮೊದಲು ದೊಡ್ಡಮುನಿಯಪ್ಪನವರು ಬಂದು ಪಕ್ಕದಲ್ಲಿ ಕೂತರು. ಹೊಲವೆಲ್ಲ ಅಪಾರ್ಟ್‌ಮೆಂಟ್ ಆಗಿ ಉಳಿದದ್ದು ಒಂದು ಹಸು, ಅದರದೊಂದು ಕೊಟ್ಟಿಗೆ. ಹಸುವನ್ನು ಹೆಸರಘಟ್ಟದ ಬಾಮೈದನಿಗೆ ಕೊಟ್ಟು ಕೊಟ್ಟಿಗೆ ಜಾಗದಲ್ಲಿ ಎರಡು ರೂಮು ಎತ್ತಬೇಕೆಂದು ಅವರ ಆಸೆ. ಅಶ್ವತ್ಥ ತಲೆಯಾಡಿಸಿದ. ಅವರು ಎದ್ದು ಹೋದ ಮೇಲೆ ಹೆಂಡತಿ ಮುನಿವೆಂಕಟಮ್ಮ ಬಂದರು. ಪ್ರಾಣ ಹೋದರೂ ಹಸುವನ್ನು ಕಳಿಸುವುದಿಲ್ಲವೆಂದು ಅವರ ಹಟ, ಹೇಳುತ್ತಾ ಅತ್ತೂಬಿಟ್ಟರು. ಅದಕ್ಕೂ ತಲೆಯಾಡಿಸಿದ. ಮೇಲಿನ ಮನೆಯಲ್ಲಿ ಬ್ಲೌಸ್ ಹೊಲಿಯುವ ಫಖ್ರುನ್ನೀಸಾ, ಕೊಟ್ಟಿಗೆಯನ್ನು ತನಗೆ ಕೊಟ್ಟರೆ ಇನ್ನೆರಡು ಮಿಷನ್ ಹಾಕುತ್ತೇನೆ, ನೀವೊಂದು ಮಾತು ಹೇಳಿ ಎಂದಳು. ಆಗಲೂ ತಂತಿ ಚುಚ್ಚುತ್ತಿತ್ತು.

ದಿನ ಕಳೆದಂತೆ ಸಂಜೆಯಾದರೆ ಅವನ ಮೆಟ್ಟಿಲ ಮೇಲೆ ಜಾಗವಿಲ್ಲದಂತಾಯಿತು. ನಮ್ಮೂರ ಅಶ್ವತ್ಥಕಟ್ಟೆ ರೋಡು ಅಗಲ ಮಾಡುವಾಗ ಹೋಯಿತು, ದೇವರು ಇನ್ನೊಂದನ್ನು ಕಳಿಸಿದ ಎಂದು ದೊಡ್ಡಮುನಿಯಪ್ಪನವರು ನಗುತ್ತಿದ್ದರು. ಅಶ್ವತ್ಥನೂ ಮನಸ್ಸಿನಲ್ಲೇ ನಗುತ್ತಿದ್ದ. ಎಲ್ಲರೂ ಎದ್ದು ಹೋದ ಮೇಲೆ ಒಬ್ಬನೇ ಮುದ್ದೆ ನುಂಗುತ್ತಾ, ಕ್ಲಿಪ್ ಒಂದು ಬಿಚ್ಚಲಿ, ನನ್ನದೂ ಹೇಳಿಕೊಳ್ಳುತ್ತೇನೆ, ಇಷ್ಟು ಹೇಳಿದವರು ಅಷ್ಟು ಕೇಳುವುದಿಲ್ಲವೇ ಎಂದುಕೊಳ್ಳುತ್ತಿದ್ದ. ಹೇಳಬೇಕಾದದ್ದು ದೊಡ್ಡದೇನೂ ಅಲ್ಲ. ಅಮ್ಮನ ಆ ಒಂದು ಮಾತು, ಅದರ ಹಿಂದೆ ಮುಂದೆ ಇರುವ ನಾಲ್ಕು ಮಾತು.

ಅಂತೂ ಆ ಶನಿವಾರ ಬಂತು. ಡಾಕ್ಟರಮ್ಮ ಕ್ಲಿಪ್ ಕಿತ್ತು, ಅಂಟು ಕೆರೆದು, ಕನ್ನಡಿ ಕೊಟ್ಟರು. ಹಲ್ಲುಗಳು ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿದ್ದವು. ಅಶ್ವತ್ಥನ ಕಣ್ಣು ತುಂಬಿತು.

"ನಮ್ಮಮ್ಮ ಒಂದ್ ಮಾತು ಹೇಳ್ತಿದ್ರು ಡಾಕ್ಟ್ರೇ..."

"ರಾತ್ರಿ ಹೊತ್ತು ಹಲ್ಲಿಗೆ ಈ ರಿಟೇನರ್ ಹಾಕ್ಕೊಳ್ಳೋದು ಮರೀಬೇಡಿ, ಇಲ್ದಿದ್ರೆ ಹಲ್ಲು ಮತ್ತೆ ಸೊಟ್ಟಗಾಗತ್ತೆ" ಎಂದು ಡಾಕ್ಟರಮ್ಮ ಮುಂದಿನವರನ್ನು ಕರೆದರು.

ಪರವಾಗಿಲ್ಲ, ಕೇಳುವವರು ಮನೆಯ ಹತ್ತಿರ ಇದ್ದಾರೆ. ಅಶ್ವತ್ಥ ಬೇಕರಿಯಲ್ಲಿ ದೊಡ್ಡ ಪೊಟ್ಟಣ ನಿಪ್ಪಟ್ಟು ಕಟ್ಟಿಸಿದ. ಕ್ಲಿಪ್ ಹಾಕಿದಂದಿನಿಂದ ಕಣ್ಣಲ್ಲೇ ತಿಂದ ನಿಪ್ಪಟ್ಟು. ಎಲ್ಲರ ಜೊತೆ ಕೂತು ಕಡಿಯಬೇಕು. ಬಸ್ಸಿನಲ್ಲಿ ಕಂಡಕ್ಟರಿಗೆ ಹಲ್ಲು ತೋರಿಸಿ ನಕ್ಕ. ಚಿಲ್ಲರೆ ಇಲ್ಲದವನ ನಗು ಇದು ಎಂದುಕೊಂಡು ಕಂಡಕ್ಟರ್ ಮುಖ ತಿರುಗಿಸಿದ.

ಮನೆ ಮುಂದೆ ಒಂದು ಟೆಂಪೋ ನಿಂತಿತ್ತು. ಹೆಸರಘಟ್ಟದ ಬಾಮೈದ ಹಸು ಒಯ್ಯಲು ಕಳಿಸಿದ್ದು. ಮುನಿವೆಂಕಟಮ್ಮ ಹಗ್ಗವನ್ನು ಕೈಗೆ ಸುತ್ತಿಕೊಂಡು ನಿಂತಿದ್ದರು. ಫಖ್ರುನ್ನೀಸಾ ಆಗಲೇ ಟೇಪು ಹಿಡಿದು ಕೊಟ್ಟಿಗೆಯ ಅಗಲ ಅಳೆಯುತ್ತಿದ್ದಳು. ಅಶ್ವತ್ಥನನ್ನು ಕಂಡದ್ದೇ ಮೂವರೂ ಅವನ ಕಡೆಗೆ ಬಂದರು. ಮೇಷ್ಟ್ರು ನನ್ನ ಮಾತಿಗೆ ಒಪ್ಪಿದ್ದಾರೆ ಎಂದು ಒಬ್ಬರು, ಇಲ್ಲ, ನನ್ನ ಮಾತಿಗೆ ಒಪ್ಪಿದ್ದಾರೆ ಎಂದು ಇನ್ನೊಬ್ಬರು, ಮೊನ್ನೆ ತಾನೇ ಹೂಂ ಅಂದಿದ್ದಾರೆ ಎಂದು ಮತ್ತೊಬ್ಬರು.

ಅಶ್ವತ್ಥ ನಕ್ಕ, ಎಲ್ಲ ಹಲ್ಲೂ ಕಾಣುವಂತೆ. ಯಾರೂ ನೋಡಲಿಲ್ಲ.

"ನಿಮಗೊಂದು ವಿಷಯ ಹೇಳ್ಬೇಕಿತ್ತು" ಎಂದ. "ನಮ್ಮಮ್ಮ ಏನ್ ಹೇಳ್ತಿದ್ರು ಅಂದ್ರೆ..."

"ನಿಮ್ಮಮ್ಮನ ಇಚಾರ ಆಮ್ಯಾಕೆ ಮೇಷ್ಟ್ರೇ" ಎಂದರು ದೊಡ್ಡಮುನಿಯಪ್ಪನವರು. "ಅಸ ಕಳ್ಸು ಅಂತ ತಲೆ ಆಡ್ಸಿದ್ರಾ, ಇಲ್ವಾ? ಅದೊಂದು ಯೋಳಿ."

ಹಳೆಯ ಅಶ್ವತ್ಥನಾಗಿದ್ದರೆ ಇನ್ನೊಮ್ಮೆ ತಲೆಯಾಡಿಸಿ ಪಾರಾಗುತ್ತಿದ್ದ. ಆದರೆ ಬಾಯಿ ಹಗುರಾಗಿತ್ತು, ನಾಲಿಗೆಗೆ ಅಡ್ಡ ಏನೂ ಇರಲಿಲ್ಲ. ಸತ್ಯ ಜಾರಿಬಿತ್ತು.

"ನಿಜ ಹೇಳ್ಬೇಕು ಅಂದ್ರೆ ನಾನು ಯಾರ ಮಾತೂ ಸರಿಯಾಗಿ ಕೇಳಿಸ್ಕೊಂಡಿಲ್ಲ. ತಂತಿ ಚುಚ್ಚೋದು. ತಲೆ ಆಡಿಸಿದ್ರೆ ಸ್ವಲ್ಪ ಆರಾಮ ಅನ್ಸೋದು, ಅಷ್ಟೇ."

ಟೆಂಪೋ ಡ್ರೈವರ್ ಕೂಡ ಎಂಜಿನ್ ಆರಿಸಿದ. ಇಷ್ಟು ದಿನ ಒಂದು ವಿಷಯಕ್ಕೂ ಒಮ್ಮತಕ್ಕೆ ಬಾರದ ಮೂವರು ಆ ಕ್ಷಣದಲ್ಲಿ ಒಂದಾದರು. ಮನೆಯ ಗುಟ್ಟನ್ನೆಲ್ಲ ಗೋಡೆಗೆ ಹೇಳಿದ ಹಾಗಾಯಿತಲ್ಲ ಎಂದಳು ಫಖ್ರುನ್ನೀಸಾ. ಮುನಿವೆಂಕಟಮ್ಮ ಮಾತ್ರ ಸಿಟ್ಟಾಗಲಿಲ್ಲ, ಅದೇ ಅವನಿಗೆ ಹೆಚ್ಚು ತಾಗಿತು.

"ಅವತ್ತು ನಾನು ಅತ್ತಿದ್ದು?" ಎಂದು ಕೇಳಿದರು. "ಅದೂ ಕೇಳಿಸ್ಲಿಲ್ವೇನಪ್ಪಾ?"

ಅಶ್ವತ್ಥ ಏನಾದರೂ ಹೇಳಿ ಸರಿಮಾಡಬೇಕೆಂದು ತಡಕಾಡಿ, ಕೈಗೆ ಸಿಕ್ಕ ಇನ್ನೊಂದು ಸತ್ಯವನ್ನೂ ಒಪ್ಪಿಸಿದ: "ನಾನು ಮೇಷ್ಟ್ರೂ ಅಲ್ಲ ಕಣಮ್ಮಾ." ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಇಂಥವನ ಮಾತು ನಂಬಿ ಹಸು ಕಳಿಸಲು ಹೊರಟಿದ್ದೆನಲ್ಲ ಎಂದು ದೊಡ್ಡಮುನಿಯಪ್ಪನವರು ಟೆಂಪೋವನ್ನೇ ವಾಪಸು ಕಳಿಸಿದರು. ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

ಸಂಜೆಯಾದರೂ ಮೆಟ್ಟಿಲ ಕಡೆ ಯಾರೂ ಸುಳಿಯಲಿಲ್ಲ. ಏರೋಡ್ರೋಮಿನ ಕಡೆಯಿಂದ ಒಂದು ಪುಟ್ಟ ವಿಮಾನ ಎದ್ದು, ಸುತ್ತು ಹಾಕಿ, ಎದ್ದ ಕಡೆಗೇ ಇಳಿಯಿತು. ಅಶ್ವತ್ಥ ಪೊಟ್ಟಣ ಬಿಚ್ಚಿ ಒಂದು ನಿಪ್ಪಟ್ಟು ಕಡಿದ. ಕರುಂ ಎಂದಿತು. ಎಷ್ಟೋ ದಿನದಿಂದ ಕಾದಿದ್ದ ಸದ್ದು ಅದು. ಕೊಟ್ಟಿಗೆಯಲ್ಲಿ ಹಸು ಮಾತ್ರ ಕಿವಿ ನಿಮಿರಿಸಿತು. ಒಬ್ಬನೇ ತಿಂದರೆ ನಿಪ್ಪಟ್ಟಿಗೂ ರುಚಿಯಿಲ್ಲ ಎನಿಸಿ ಪೊಟ್ಟಣ ಕಟ್ಟಿಟ್ಟ.

ಆಗ ಹಿತ್ತಲ ಕಡೆಯಿಂದ ದೊಡ್ಡಮುನಿಯಪ್ಪನವರ ದನಿ ಕೇಳಿಸಿತು. ಹಿಂದಿನ ಮನೆಗೆ ಆ ವಾರವಷ್ಟೇ ವೇದಾ ಎಂಬಾಕೆ ಬಾಡಿಗೆಗೆ ಬಂದಿದ್ದಳು. ಹೆಬ್ಬಾಳದ ಮೆಡಿಕಲ್ ಶಾಪಿನಲ್ಲಿ ಕೆಲಸ, ಒಬ್ಬಳೇ ಇರುವುದು, ಹೆಚ್ಚು ಮಾತಿಲ್ಲ, ಇಷ್ಟೇ ಅಶ್ವತ್ಥನಿಗೆ ಗೊತ್ತು. ಹೋಗಿ ಇಣುಕಿದರೆ ಬಾಗಿಲ ಮುಂದೆ ಪರಿಚಯದ ಚಪ್ಪಲಿಗಳು. ದೊಡ್ಡಮುನಿಯಪ್ಪನವರು ಹೇಳಿ ಮುಗಿಸಿ ಎದ್ದರೆ ಮುನಿವೆಂಕಟಮ್ಮ ಕೂತರು, ಅವರು ಎದ್ದರೆ ಫಖ್ರುನ್ನೀಸಾ. ವೇದಾ ಸೆರಗು ಬಾಯಿಗೆ ಹಿಡಿದುಕೊಂಡು ಎಲ್ಲರಿಗೂ ಸಮಾಧಾನದಿಂದ ತಲೆಯಾಡಿಸುತ್ತಿದ್ದಳು. ಎಂಥ ತಾಳ್ಮೆಯ ಹೆಂಗಸು ಎಂದುಕೊಂಡ ಅಶ್ವತ್ಥ. ಎಲ್ಲರೂ ಹೋಗುವವರೆಗೆ ಹಸುವಿನ ಪಕ್ಕ ನಿಂತಿದ್ದು, ಆಮೇಲೆ ಪೊಟ್ಟಣ ಹಿಡಿದು ಹೋಗಿ ಹೊಸಿಲ ಹತ್ತಿರ ಕೂತ.

"ಮುಂದಿನ ಮನೆಯವನು ರೀ. ಐದು ನಿಮಿಷ ಮಾತಾಡ್ಬೋದಾ?"

ವೇದಾ ತಲೆಯಾಡಿಸಿದಳು.

"ನಮ್ಮಮ್ಮ ಒಂದ್ ಮಾತು ಹೇಳ್ತಿದ್ರು" ಎಂದು ಅವನು ಶುರುಮಾಡಿದ. ಈ ಸಲ ಯಾರೂ ತಡೆಯಲಿಲ್ಲ. ಅವಳು ತಲೆಯಾಡಿಸುತ್ತಲೇ ಇದ್ದಳು, ಕಣ್ಣಲ್ಲಿ ನೀರು ಕೂಡ ತುಂಬಿತ್ತು. ತನಗಾಗಿ ಒಬ್ಬರು ಕಣ್ಣೀರು ತಂದುಕೊಳ್ಳುವುದನ್ನು ಅಮ್ಮ ಹೋದ ಮೇಲೆ ಅವನು ನೋಡಿರಲಿಲ್ಲ. ಆ ಮಾತು ಏನೆಂದು ಹೇಳುವ ಮೊದಲು ಸಂತೋಷದಿಂದ ಅವಳ ಕಡೆಗೆ ಬಾಗಿದ.

ಬಾಗಿದಾಗ ನೋಡಿದ. ಅವಳ ತಲೆ ಕೊಂಚ ಎಡಕ್ಕೆ ವಾಲಿತ್ತು. ಬೆರಳು ಬಲಗೆನ್ನೆಯನ್ನು ಒತ್ತಿತ್ತು. ಸೆರಗಿನ ಸಂದಿಯಲ್ಲಿ ಹೊಸ ತಂತಿ ಮಿಂಚಿತು. ತಲೆ ಕೆಳಗೆ, ಮೇಲೆ, ಮತ್ತೆ ಕೆಳಗೆ. ಆ ತಲೆಯಾಟವನ್ನು ಇಡೀ ಬೆಂಗಳೂರಿನಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಅಶ್ವತ್ಥ ಜೇಬಿಗೆ ಕೈ ಹಾಕಿದ. ಮೇಣದ ಡಬ್ಬಿ ಇನ್ನೂ ಅಲ್ಲೇ ಇತ್ತು. "ಒಂದ್ ಚೂರು ತಗೊಂಡು ಉಂಡೆ ಮಾಡಿ. ತಂತಿ ತುದಿ ಒಣ ಬಟ್ಟೆಯಲ್ಲಿ ಒರೆಸ್ಕೊಂಡು ಒತ್ತಿ. ನೋವು ನಿಲ್ಲತ್ತೆ" ಎಂದ. ಅವಳು ಗೋಡೆ ಕಡೆ ತಿರುಗಿ ಅಂಟಿಸಿಕೊಂಡಳು. ತಿರುಗಿದಾಗ ಮುಖ ಬಿಚ್ಚಿಕೊಂಡಿತ್ತು, ತಲೆ ನಿಂತಿತ್ತು. ಈಗ ಕೇಳುತ್ತಾಳೆ, ಈಗ ನಿಜವಾಗಿಯೂ ಕೇಳುತ್ತಾಳೆ ಎಂದು ಅಶ್ವತ್ಥ ನೆಟ್ಟಗೆ ಕೂತ.

"ಅಬ್ಬ, ದೇವರು ಬಂದ ಹಾಗೆ ಬಂದ್ರಿ" ಎಂದಳು ವೇದಾ. "ಒಂದು ವಾರದಿಂದ ಬಾಯೇ ಬಿಡೋಕಾಗಿಲ್ಲ ರೀ. ಬರೋರೆಲ್ಲ ಅವರವರದ್ದೇ ಹೇಳ್ಕೊಂಡು ಹೋಗ್ತಾರೆ. ಹೊಟ್ಟೆಯಲ್ಲಿ ಎಷ್ಟು ಮಾತಿದೆ ಗೊತ್ತಾ? ಕೂತ್ಕೊಳ್ಳಿ, ಕೂತ್ಕೊಳ್ಳಿ. ನಮ್ಮಮ್ಮ ಒಂದ್ ಮಾತು ಹೇಳ್ತಿದ್ರು..."

ಅಶ್ವತ್ಥ, ಅವಳು ಕಡಿಯಲಾಗದ ನಿಪ್ಪಟ್ಟಿನ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದ. ತಂತಿ ಇಲ್ಲದ ಬಾಯೊಳಗೆ ಎಲ್ಲೋ ಏನೋ ಚುಚ್ಚಿತು. ತಲೆ ತಗ್ಗಿಸಿದ, ಎತ್ತಿದ, ಮತ್ತೆ ತಗ್ಗಿಸಿದ.