ನೀಲಕಂಠಪ್ಪನವರ ಒಂದು ತಾಸಿನ ನಿದ್ದೆ

ನೀಲಕಂಠಪ್ಪನವರಿಗೆ ನೆಗಡಿಯಾಗಿ ಸಣ್ಣಗೆ ಜ್ವರ ಬಂದಿತ್ತು. ಮೂಗು ಕಟ್ಟಿ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ. ಕೇಶ್ವಾಪುರದ ಡಾಕ್ಟರ್ ಸುಲ್ತಾನಾ ಎದೆ ಪರೀಕ್ಷಿಸಿದರು.

"ಸಾದಾ ನೆಗಡಿ ಐತ್ರಿ. ಬಿಸಿನೀರು ಕುಡೀರಿ, ಉಗಿ ತಗೋರಿ, ಚೆಂದಂಗ ಮಲಕೋರಿ. ಮೂರು ದಿನ ಆದಮ್ಯಾಲೂ ಜ್ವರ ಇಳೀಲಿಲ್ಲಂದ್ರ ಬರ್ರಿ. ಉಸಿರಾಡಾಕ ತ್ರಾಸ ಆತು, ಎದಿ ನೋವಾತು ಅಂದ್ರ ಕಾಯಬ್ಯಾಡ್ರಿ, ಲಗೂ ಬರ್ರಿ."

ಮರುದಿನ ನೀಲಕಂಠಪ್ಪ ತಮ್ಮ ಕಾಳಿನ ಅಂಗಡಿ ಮುಚ್ಚಿ, ಕೌದಿ ಹೊದ್ದು ಮಲಗಿದರು. ಇನ್ನೇನು ಕಣ್ಣು ಹತ್ತಬೇಕು, ಎದುರುಮನೆಯ ಕಾಶೀಬಾಯಿ ಕಷಾಯದ ತಂಬಿಗೆ ಹಿಡಿದು ಬಂದರು.

"ಮಾತಾಡ್ಸಾಕ ಬಂದೇನ್ರಿ ಅಣ್ಣಾರ. ಏಳ್ರಿ, ಕುಡೀರಿ!"

ಆ ಓಣಿಯಲ್ಲಿ ಯಾರಿಗೆ ಮೈ ನೆಟ್ಟಗಿಲ್ಲದಿದ್ದರೂ ಹೋಗಿ ಮಾತಾಡಿಸಿ ಬರುವುದು ವಾಡಿಕೆ. ಅದರಲ್ಲಿ ನೀಲಕಂಠಪ್ಪನವರದು ಎತ್ತಿದ ಕೈ. ಯಾರ ಮನೆಯಲ್ಲಿ ಸೀನಿದರೂ ಇವರು ಹಾಜರು. ಎರಡು ಚಹಾ ಕುಡಿದು ನಾಲ್ಕು ಔಷಧಿ ಹೇಳದೆ ಏಳುತ್ತಿರಲಿಲ್ಲ. ಈಗ ಇಡೀ ಓಣಿ ಅವರನ್ನು ಮಾತಾಡಿಸಲು ಹೊರಟಿತ್ತು.

ಮೆಣಸಿನ ಕಷಾಯಕ್ಕೆ ಹೊಟ್ಟೆಯಲ್ಲಿ ಒಲೆ ಹೊತ್ತಿದಂತಾಯಿತು. ಗ್ಯಾರೇಜಿನ ನಿಜಾಮುದ್ದೀನ ಬಂದು ಅಜವಾನದ ಹೊಗೆ ಹಾಕಿದ; ಇಲ್ಲದ ಕೆಮ್ಮೂ ಬಂತು. ಆಮೇಲೆ ಬಂದ ಪಕ್ಕದ ಮನೆಯ ಮೈಲಾರಿ ಕುರ್ಚಿ ಬಿಟ್ಟು ಏಳಲೇ ಇಲ್ಲ.

"ನಿನಗ ಕೆಲಸ ಇರಬೇಕಲ್ಲೋ ತಮ್ಮಾ?" ಎಂದರು ನೀಲಕಂಠಪ್ಪ ಆಸೆಯಿಂದ.

"ಇರ್ಲಿ ಬಿಡ್ರಿ ಕಾಕಾ. ನನಗ ಟೈಫಾಯ್ಡ್ ಆದಾಗ ನೀವು ಎರಡು ತಾಸ ಕುಂತಿದ್ರಿ. ನಾ ಲಗೂ ಎದ್ದರ ಹೆಂಗ?"

ಒಳಗಿನಿಂದ ಹೆಂಡತಿ ಬಾಳವ್ವ ಕೂಗಿದರು: "ಚಹಾಕ್ಕ ಹಾಲು ತೀರಿತ್ರಿ!"

"ನಾ ತರ್ತೇನಿ!" ನೀಲಕಂಠಪ್ಪ ಚಪ್ಪಲಿ ಮೆಟ್ಟಿ ಹೊರಬಿದ್ದವರೇ ನೇರ ದವಾಖಾನೆಗೆ ನಡೆದರು.

"ಯಾಕ್ರಿ, ಉಸಿರಾಡಾಕ ತ್ರಾಸೇನ್ರಿ?" ಸುಲ್ತಾನಾ ಗಾಬರಿಯಾದರು.

"ಇಲ್ರಿ."

"ಎದಿ ನೋವು?"

"ಇಲ್ರಿ. ಮಂದಿ ತ್ರಾಸ ಆಗೇತ್ರಿ. ಒಂದು ತಾಸ ಮಲಗಾಕ ಜಾಗಾ ಕೊಡ್ರಿ ಮೇಡಂ, ಕೈ ಮುಗೀತೇನಿ."

ಡಾಕ್ಟರಿಗೆ ಕನಿಕರ ಬಂತು. ಪರದೆಯ ಹಿಂದೆ ಎರಡು ಮಂಚಗಳಿದ್ದವು. ಒಂದರಲ್ಲಿ ಯಾರೋ ಸಲಾಯನ್ ಬಾಟಲಿ ಹಚ್ಚಿಸಿಕೊಂಡು ಮಲಗಿದ್ದರು. ಇನ್ನೊಂದರಲ್ಲಿ ನೀಲಕಂಠಪ್ಪ ಮೈ ಚಾಚಿದರು. ಫ್ಯಾನು ತಿರುಗುತ್ತಿತ್ತು. ಕಷಾಯವಿಲ್ಲ, ಹೊಗೆಯಿಲ್ಲ, ಮೈಲಾರಿ ಇಲ್ಲ. ಅವರಿಗೆ ಪರಮಾನಂದವಾಯಿತು.

ಪಕ್ಕದ ಮಂಚದವರು ಕೆಮ್ಮಿದರು. ನೀಲಕಂಠಪ್ಪ ಮಗ್ಗುಲು ಬದಲಿಸಿದರು. ಅವರು ಮತ್ತೆ ಕೆಮ್ಮಿದರು. ಇವರು ಕೌದಿಯಿಲ್ಲದ್ದಕ್ಕೆ ಟವೆಲ್ಲನ್ನೇ ಕಿವಿಯ ಮೇಲೆ ಎಳೆದುಕೊಂಡರು.

ತಾಸಿನ ಬಳಿಕ ಸುಲ್ತಾನಾ ಪರದೆ ಸರಿಸಿದರೆ, ನೀಲಕಂಠಪ್ಪನವರ ಮಂಚ ಖಾಲಿ. ಅವರು ಪಕ್ಕದ ಮಂಚದ ಸ್ಟೂಲಿನ ಮೇಲೆ ಕೂತಿದ್ದರು.

"...ಅಜವಾನದ ಹೊಗಿ ಆದಮ್ಯಾಲೆ ಮೆಣಸಿನ ಕಷಾಯ ತಗೋರಿ. ಎಲ್ಲಿ, ನಾಲಗಿ ತೋರಸ್ರಿ."

ರೋಗಿ ಡಾಕ್ಟರತ್ತ ನೋಡಿ ಅಂಗಲಾಚಿದರು: "ಮೇಡಂ, ನನ್ನ ಮನಿಗಿ ಕಳಸ್ರಿ. ಸ್ವಲ್ಪರ ನಿದ್ದಿ ಮಾಡ್ತೇನಿ."

ನೀಲಕಂಠಪ್ಪ ಆಕಳಿಸುತ್ತ, ಹಾಲಿನ ಪಾಕೀಟು ಹಿಡಿದು ಮನೆ ಸೇರಿದರು. ಮೈಲಾರಿ ಕುರ್ಚಿಯಲ್ಲೇ ಇದ್ದ.

"ನೀವು ಇಲ್ಲದಾಗ ಕುಂತದ್ದು ಕುಂತಂಗಲ್ರಿ ಕಾಕಾ," ಎಂದ. "ಬರ್ರಿ, ಮಲಕೋರಿ. ಈಗ ಕುಂದರ್ತೇನಿ, ಎರಡು ತಾಸ."