ಮೂರನೆಯ ಭಾನುವಾರ ಮಾವ ಎದ್ದು ನಿಂತದ್ದು

ನಾನು ನಿಂತಿದ್ದುದು ಚರ್ಚಿನಲ್ಲಿ ಗಂಡಸರ ಕಡೆಯ ಮೂರನೆಯ ಬೆಂಚಿನ ಬಳಿ, ಗೋಡೆಯಿಂದ ಎರಡನೆಯವನಾಗಿ. ೧೯೬೧ನೆಯ ಇಸವಿ, ಜೂನ್ ತಿಂಗಳ ಒಂದು ಭಾನುವಾರ, ಬೆಳಗಿನ ಆರಾಧನೆಯ ಹೊತ್ತು. ಉಳಿದವರೆಲ್ಲ ಕುಳಿತಿದ್ದರು. ನಾನೂ ಕುಳಿತೇ ಇರುತ್ತಿದ್ದೆ. ಆದರೆ ಸೋದರಮಾವ ಏಳುವಾಗ ನನ್ನ ಮುಂಗೈ ಹಿಡಿದುಕೊಂಡೇ ಎದ್ದರು.

ನಮ್ಮ ಮಾವ ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ. ಒಂದೆರಡಾದರೂ ಹೇಳಿದ್ದರೆ ಜಯನಗರದಲ್ಲಿ ನಮಗೆ ಇನ್ನೂ ನಾಲ್ಕು ಜನ ಸ್ನೇಹಿತರು ಉಳಿಯುತ್ತಿದ್ದರು! ಒಮ್ಮೆ ಯಡಿಯೂರಿನ ಗೌಡರೊಬ್ಬರು ಮಾವನ ಹಸು ಕೊಳ್ಳಲು ಬಂದರು. ಒದೆಯುತ್ತದೆ, ಹಾಲು ಕಡಿಮೆ, ಹತ್ತಿರ ಹೋಗಲು ತಮಗೇ ಭಯ ಎಂದು ಮಾವ ವಿವರಿಸಿದರು. ಇಷ್ಟು ದೂರುವವರಿಗೆ ಹಸು ಬಿಟ್ಟುಕೊಡಲು ಮನಸ್ಸಿಲ್ಲವೆಂದು ತಿಳಿದು ಗೌಡರು ಬೆಲೆ ಏರಿಸಿದರು. ಮಾವ ಇನ್ನೆರಡು ದೋಷ ನೆನಪಿಸಿಕೊಂಡರು. ಗೌಡರು ಮತ್ತೆ ಏರಿಸಿದರು. ಕೊನೆಗೆ ಹಸುವೇ ಗೌಡರನ್ನು ಒದ್ದು ಮಾವನ ಪರ ಸಾಕ್ಷಿ ಹೇಳಿತು.

ನಮ್ಮ ಪಾದ್ರಿ ಅಯ್ಯನವರು ಆರಾಧನೆ ಮುಗಿಸಿ, ಬಾಗಿಲಲ್ಲಿ ನಿಂತು, ತಾವು ಉಪದೇಶಿಸಿದ ಪ್ರಸಂಗ ಹೇಗಿತ್ತೆಂದು ಎಲ್ಲರನ್ನೂ ವಿಚಾರಿಸುತ್ತಿದ್ದರು. ಚೆನ್ನಾಗಿತ್ತು ಎನ್ನುವುದು ಪದ್ಧತಿ. ಮಾವ ಅಂದರು: “ಅರ್ಧ ಕೇಳಿದೆ ಅಯ್ಯನವರೇ, ಆಮೇಲೆ ನಿದ್ದೆ ಬಂತು. ಕೇಳಿದ ಅರ್ಧ ಪರವಾಗಿಲ್ಲ.” ಮುಂದಿನ ವಾರದಿಂದ ಅಯ್ಯನವರು ಇನ್ನೊಂದು ಬಾಗಿಲಲ್ಲಿ ನಿಲ್ಲತೊಡಗಿದರು.

ಇಂಥ ಮಾವನನ್ನು ಇಟ್ಟುಕೊಂಡು ಅಪ್ಪ ನನ್ನ ಅಕ್ಕನ ಮದುವೆ ಗೊತ್ತುಮಾಡಿದರು.

ಅಕ್ಕನಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಎರಡು ಸಂಬಂಧ ಅದರಿಂದಲೇ ಮುರಿದಿದ್ದವು. ಹಾಗಾಗಿ ವಿಲ್ಸನ್ ಗಾರ್ಡನ್ನಿನ ಗಂಡು ನೋಡಲು ಬಂದ ದಿನ, ಅಕ್ಕನ ಬಲಗಿವಿ ಬಂದವರ ಕಡೆಗಿರುವಂತೆ ಅಮ್ಮ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟರು. ಎಲ್ಲರಿಗೂ ಒಪ್ಪಿಗೆಯಾಯಿತು, ಮಾವನನ್ನು ಬಿಟ್ಟು.

“ಹೇಳಿಬಿಡಿ ಭಾವ,” ಎಂದರು ಅಪ್ಪನಿಗೆ.

“ಅವರು ಕೇಳ್ಲಿಲ್ಲ, ನಾವು ಹೇಳ್ಲಿಲ್ಲ. ಅದು ಸುಳ್ಳು ಹೇಗಾಗತ್ತಯ್ಯಾ?”

“ಮತ್ತೆ ಕುರ್ಚಿ ಹಾಗೆ ಇಟ್ಟಿದ್ದು ಯಾಕೆ?”

ಅಪ್ಪ ಎದ್ದು ಒಳಗೆ ಹೋದರು. ಅಕ್ಕನನ್ನು ಯಾರೂ ಕೇಳಲಿಲ್ಲ.

ಮದುವೆಗೆ ಮುಂಚೆ ಮೂರು ಭಾನುವಾರ ವಧೂವರರ ಹೆಸರನ್ನು ಚರ್ಚಿನಲ್ಲಿ ಓದುವುದು ನಮ್ಮ ಪದ್ಧತಿ. ಅಡ್ಡಿ ಏನಾದರೂ ಗೊತ್ತಿದ್ದವರು ತಿಳಿಸಬೇಕೆಂದು ಅಯ್ಯನವರು ಕೇಳುತ್ತಾರೆ. ಆ ಹೊತ್ತಿಗೆ ಜನ ಹಾಡಿನ ಪುಸ್ತಕದಲ್ಲಿ ಪುಟ ಹುಡುಕುತ್ತಿರುತ್ತಾರೆ. ಅದು ನಿಜವಾದ ಪ್ರಶ್ನೆ, ದೇವರ ಮನೆಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಡಬೇಕು ಎಂದು ನಂಬಿದವರು ಮಾವ ಒಬ್ಬರೇ. ಅಪ್ಪನೇ ಹೇಳಲೆಂದು ಎರಡು ಭಾನುವಾರ ಬಿಟ್ಟುಕೊಟ್ಟರು. ಮೂರನೆಯ ಭಾನುವಾರ ಎದ್ದರು.

“ಹುಡುಗಿಗೆ ಎಡಗಿವಿ ಕೇಳಿಸಲ್ಲ. ಇದು ಅಡ್ಡಿ ಅಲ್ಲ ಅಯ್ಯನವರೇ. ಆದ್ರೆ ಗಂಡಿನವರಿಗೆ ನಾವು ಹೇಳಿಲ್ಲ. ತಪ್ಪು ನಮ್ಮದು, ಅವಳದಲ್ಲ.”

ಅಪ್ಪ ತಲೆ ತಗ್ಗಿಸಿದರು. ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. ಮೂರನೆಯ ಸಂಬಂಧವೂ ಹೋಯಿತೆಂದು ನಾನು ತಿಳಿದೆ. ಹೆಂಗಸರ ಕಡೆ ಕುಳಿತವರಿಗೆ ನಾವು ಎಡಕ್ಕೆ; ಮಾವನ ಮಾತು ಇಡೀ ಚರ್ಚಿನಲ್ಲಿ ಸರಿಯಾಗಿ ಕೇಳದವಳು ಅಕ್ಕ ಒಬ್ಬಳೇ, ಪಕ್ಕದವರನ್ನು ವಿಚಾರಿಸುತ್ತಿದ್ದಳು.

ಅಂದು ನಮ್ಮ ಚರ್ಚಿಗೇ ಬಂದಿದ್ದ ಗಂಡು ನಮ್ಮ ಹಿಂದಿನಿಂದ ಎದ್ದರು. ನಿಧಾನವಾಗಿ ಮಾತನಾಡಿದರು.

“ಅವತ್ತು ಹೊರಡೋವಾಗ ಬಾಗಿಲ ಹತ್ರ ನಿಮಗೆ ಒಪ್ಪಿಗೆನಾ ಅಂತ ಅವರನ್ನ ಕೇಳ್ದೆ. ಮುಖ ಕೂಡ ತಿರುಗಿಸ್ಲಿಲ್ಲ. ಬಲವಂತದ ಮದುವೆ ಅಂದ್ಕೊಂಡೆ. ಇವತ್ತು ಪ್ರಾರ್ಥನೆ ಮುಗಿದ ಮೇಲೆ ಬೇಡ ಅಂತ ಹೇಳೋಣ ಅಂತಿದ್ದೆ.” ಮಾವನ ಕಡೆ ತಿರುಗಿ ಕೇಳಿದರು: “ನಾನು ನಿಂತಿದ್ದು ಅವರ ಎಡಕ್ಕಲ್ವಾ?”

ಹೌದು, ಎಡಕ್ಕೇ. ನಾನು ನೋಡಿದ್ದೆ.

ಅವರು ಬೆಂಚು ಬಿಟ್ಟು ಹೆಂಗಸರ ಕಡೆಗೆ ನಡೆದರು. ನಮ್ಮ ಚರ್ಚಿನಲ್ಲಿ ಗಂಡಸು ಆ ಕಡೆ ದಾಟಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಅಕ್ಕನ ಬಲಕ್ಕೆ ನಿಂತು, ಬಗ್ಗಿ, ಏನೋ ಕೇಳಿದರು. ಅಕ್ಕ ಹೌದು ಎಂದಳು. ತನ್ನ ದನಿ ತನಗೇ ಕೇಳಲೆಂಬಷ್ಟು ಜೋರಾಗಿ.

ಮಾವ ಕುಳಿತರು. ನನ್ನ ಮುಂಗೈಯನ್ನು ಆಗಲೂ ಬಿಟ್ಟಿರಲಿಲ್ಲ. ನನಗೆ ಧೈರ್ಯ ಕೊಡಲೆಂದೇ ಹಿಡಿದಿದ್ದಾರೆಂದು ತಿಳಿದಿದ್ದೆ.

“ಭಯ ಆಯ್ತಾ ಮಾವ?”

“ಆಗ್ದೆ ಏನೋ? ಪ್ರತಿ ಸಲ ಆಗತ್ತೆ.”

ಅಪ್ಪ, ಅಮ್ಮ, ಅಯ್ಯನವರು, ಮಾವ, ಯಾರೂ ಈಗಿಲ್ಲ. ಕಣ್ಣಾರೆ ಕಂಡವರಲ್ಲಿ ಉಳಿದಿರುವವರು ನಾನು, ಅಕ್ಕ ಸುಗುಣ, ಮತ್ತು ಎಲ್ಲೇ ಹೋದರೂ ಅವಳ ಬಲಗಡೆಯೇ ಕೂರುವ ಭಾವ ಜಯಾನಂದ.